ಕಾರಿನ ಒಂದೇ ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದ್ದರೆ: ಶಾರ್ಟ್ ಇರುವ ಜಾಗವನ್ನು ಹುಡುಕುವ ಕ್ರಮ

ಕಾರಿನಲ್ಲಿ ಒಂದು ಫ್ಯೂಸ್ ಹೋದಾಗ ಅದೇ ಅಳತೆಯ ಹೊಸದನ್ನು ಹಾಕಿ ನೋಡುವುದರಲ್ಲಿ ತಪ್ಪೇನೂ ಇಲ್ಲ. ವರ್ಷಗಟ್ಟಲೆ ಕಾದು, ತಣಿದು, ಅಲುಗಾಡಿ ಸೊರಗಿದ ಫ್ಯೂಸ್ ಬೇರೆ ಯಾವ ದೋಷವೂ ಇಲ್ಲದೆ ತುಂಡಾಗುವುದುಂಟು. ಆದರೆ ಎರಡನೆಯದೂ ಹೋಯಿತೆಂದರೆ ಮೂರನೆಯದನ್ನು ಹಾಕುವ ಮೊದಲು ಕೈ ತಡೆಯಬೇಕು. ಫ್ಯೂಸ್ ಹಾಕಿ ಹಾಕಿ ನೋಡುವವರಿಗೆ ಪ್ರತಿ ಸಲವೂ ತಿಳಿಯುವುದು ಒಂದೇ ಸಂಗತಿ, ದೋಷ ಇನ್ನೂ ಇದೆ ಎಂಬುದು. ಅದು ಎಲ್ಲಿದೆ ಎಂದು ಫ್ಯೂಸ್ ಹೇಳುವುದಿಲ್ಲ. ಕ್ಷಣದಲ್ಲಿ ಅದು ಕರಗಿ ಸರ್ಕ್ಯೂಟ್‌ಗೆ ವಿದ್ಯುತ್ ನಿಂತುಹೋಗುತ್ತದೆ, ವಿದ್ಯುತ್ ಇಲ್ಲದ ಸರ್ಕ್ಯೂಟ್‌ನಲ್ಲಿ ಬೆನ್ನುಹತ್ತಲು ಏನೂ ಉಳಿಯುವುದಿಲ್ಲ. ಆದ್ದರಿಂದ ಇಲ್ಲಿ ವಿವರಿಸುವ ಕ್ರಮದ ಮೂಲ ತತ್ತ್ವ ಇಷ್ಟೇ: ಫ್ಯೂಸ್‌ನ ಜಾಗದಲ್ಲಿ ಒಂದು ಬಲ್ಬನ್ನು ಕೂರಿಸಿ, ಶಾರ್ಟ್ ಇದ್ದಾಗಲೂ, ಅಂದರೆ ವಿದ್ಯುತ್ ಬಲ್ಬನ್ನೋ ಮೋಟರನ್ನೋ ಹಾದುಹೋಗದೆ ಅಡ್ಡದಾರಿಯಲ್ಲಿ ನೇರವಾಗಿ ಬ್ಯಾಟರಿಯ ನೆಗೆಟಿವ್‌ಗೆ ಮರಳುತ್ತಿದ್ದಾಗಲೂ, ಕರೆಂಟ್ ಮಿತಿ ಮೀರದಂತೆ ನೋಡಿಕೊಂಡು, ಆ ಬಲ್ಬ್ ಯಾವ ಕಪ್ಲರ್ (ವೈರ್‌ಗಳನ್ನು ಜೋಡಿಸುವ ಪ್ಲಗ್) ಬಿಚ್ಚಿದಾಗ ಆರುತ್ತದೆ ಅಥವಾ ಮಂಕಾಗುತ್ತದೆ ಎಂಬುದನ್ನು ಗಮನಿಸುತ್ತ ಸರ್ಕ್ಯೂಟನ್ನು ಭಾಗ ಭಾಗವಾಗಿ ಕಳೆಯುತ್ತ ಹೋಗುವುದು.

ಉದಾಹರಣೆಗೆ ಸಾಮಾನ್ಯ ಹ್ಯಾಚ್‌ಬ್ಯಾಕ್ ಕಾರಿನ ಪಾರ್ಕಿಂಗ್ ಲೈಟ್ ಸರ್ಕ್ಯೂಟನ್ನು ತೆಗೆದುಕೊಂಡಿದ್ದೇನೆ. ಇದು ಕಾರಿನ ಮುಂಭಾಗದಿಂದ ಡಿಕ್ಕಿಯ ಬಾಗಿಲಿನವರೆಗೆ ಹರಡಿಕೊಂಡಿರುವುದರಿಂದ ಶಾರ್ಟ್ ಆಗಬಹುದಾದ ಎಲ್ಲ ಬಗೆಯ ಜಾಗಗಳೂ ಇದರಲ್ಲಿವೆ. ಇದೇ ಕ್ರಮ ಹಾರ್ನ್, ರಿವರ್ಸ್ ಲೈಟ್, ಕ್ಯಾಬಿನ್ ಲೈಟ್, 12 ವೋಲ್ಟ್ ಸಾಕೆಟ್ ಮುಂತಾದ ಸರಳ ಸರ್ಕ್ಯೂಟ್‌ಗಳಿಗೂ ಸಲ್ಲುತ್ತದೆ. ಏರ್‌ಬ್ಯಾಗ್, ಎಬಿಎಸ್, ಎಂಜಿನ್ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಇವುಗಳ ಫ್ಯೂಸ್‌ಗಳಿಗೆ ಸಲ್ಲುವುದಿಲ್ಲ. ಏರ್‌ಬ್ಯಾಗ್‌ನ ಹಳದಿ ಕಪ್ಲರ್‌ಗಳಿಗೆ ಟೆಸ್ಟ್ ಲ್ಯಾಂಪ್ ಆಗಲಿ ಮೀಟರ್ ಆಗಲಿ ಮುಟ್ಟಿಸಲೇಬಾರದು. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಪ್ರಾಣಕ್ಕೆ ಅಪಾಯ ತರುವಷ್ಟು ವೋಲ್ಟೇಜ್ ಇರುತ್ತದೆ, ಅವು ತರಬೇತಿ ಪಡೆದವರ ಕೆಲಸ.

ಸುಟ್ಟ ಫ್ಯೂಸ್ ಏನು ಹೇಳುತ್ತದೆ

ಹೊರತೆಗೆದ ಫ್ಯೂಸನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಬೇಕು. ಒಳಗಿನ ಲೋಹದ ಪಟ್ಟಿ ಪೂರ್ತಿ ಹಾರಿಹೋಗಿ, ಪ್ಲಾಸ್ಟಿಕ್‌ನ ಒಳಮೈಗೆ ಕಪ್ಪು ಮಸಿಯೋ ಬೆಳ್ಳಿಯ ಬಣ್ಣದ ಸಿಡಿತವೋ ಅಂಟಿಕೊಂಡಿದ್ದರೆ ಒಮ್ಮೆಲೇ ಬಹಳ ದೊಡ್ಡ ಕರೆಂಟ್ ನುಗ್ಗಿದೆ ಎಂದರ್ಥ. ಅದು ನೇರ ಶಾರ್ಟ್‌ನ ಗುರುತು. ಪಟ್ಟಿಯ ನಡುವೆ ಮಾತ್ರ ಮೆತ್ತಗೆ ಕರಗಿ ಸಣ್ಣ ಬಿರುಕು ಬಿಟ್ಟಿದ್ದು, ಪ್ಲಾಸ್ಟಿಕ್ ಶುಭ್ರವಾಗಿದ್ದರೆ ಅದು ನಿಧಾನದ ಓವರ್‌ಲೋಡ್. ಪಟ್ಟಿ ಸರಿಯಾಗಿಯೇ ಇದ್ದು ಕಾಲುಗಳ ಬಳಿಯ ಪ್ಲಾಸ್ಟಿಕ್ ಕಂದಿ ಕರಗಿದ್ದರೆ ದೋಷ ಫ್ಯೂಸ್ ಬಾಕ್ಸ್‌ನ ಸಡಿಲ ಕ್ಲಿಪ್‌ನಲ್ಲಿದೆ, ಸರ್ಕ್ಯೂಟ್‌ನಲ್ಲಿ ಅಲ್ಲ.

ಫ್ಯೂಸ್ ಎಷ್ಟು ಬೇಗ ಹೋಗುತ್ತದೆ ಎಂಬುದು ಇದಕ್ಕಿಂತಲೂ ಹೆಚ್ಚು ತಿಳಿಸುತ್ತದೆ. ಸಾಮಾನ್ಯ ಬ್ಲೇಡ್ ಫ್ಯೂಸ್‌ನಲ್ಲಿ ಬರೆದಿರುವ ಸಂಖ್ಯೆ ದಾಟಿದ ಕೂಡಲೇ ಅದು ಕರಗುವುದಿಲ್ಲ. 10 ಆಂಪಿಯರ್‌ನ ಫ್ಯೂಸ್ 13.5 ಆಂಪಿಯರನ್ನು ಹತ್ತು ನಿಮಿಷದವರೆಗೂ ತಾಳಬಹುದು. 20 ಆಂಪಿಯರ್ ಆದರೆ ಐದು ಸೆಕೆಂಡಿನೊಳಗೆ, 35 ಆಂಪಿಯರ್ ಆದರೆ ಅರ್ಧ ಸೆಕೆಂಡಿನೊಳಗೆ ಹೋಗುತ್ತದೆ. ಇನ್ನೊಂದು ಕಡೆಯಿಂದ ಲೆಕ್ಕ ಹಾಕಿದರೆ, 0.5 ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರ್ ಮೂರು ಮೀಟರ್ ಉದ್ದಕ್ಕೆ ಸುಮಾರು 0.1 ಓಮ್ ಪ್ರತಿರೋಧ ಒಡ್ಡುತ್ತದೆ, ಅಷ್ಟು ದೂರದಲ್ಲಿ ಅದು ಕಾರಿನ ಲೋಹದ ಬಾಡಿಗೆ (ಬ್ಯಾಟರಿಯ ನೆಗೆಟಿವ್ ಇದಕ್ಕೇ ಜೋಡಿಸಿರುತ್ತದೆ) ತಗುಲಿದರೂ ನೂರು ಆಂಪಿಯರ್ ಆಸುಪಾಸಿನ ಕರೆಂಟ್ ಹರಿಯಲು ಹೊರಡುತ್ತದೆ. ಹೀಗಾಗಿ ಸ್ವಿಚ್ ಒತ್ತಿದ ತಕ್ಷಣ ಫ್ಯೂಸ್ ಹೋಗುತ್ತಿದ್ದರೆ ಬಾಡಿಗೆ ತಗುಲಿರುವ ವೈರನ್ನು ಹುಡುಕಬೇಕು. ಹಲವು ನಿಮಿಷ ಓಡಿದ ಮೇಲೆ ಹೋಗುತ್ತಿದ್ದರೆ ಬಿಗಿಯಾಗಿ ತಿರುಗುತ್ತಿರುವ ಮೋಟರನ್ನೋ, ಆ ಸರ್ಕ್ಯೂಟ್‌ಗೆ ಯಾರೋ ಹೆಚ್ಚುವರಿಯಾಗಿ ಜೋಡಿಸಿದ ಉಪಕರಣವನ್ನೋ ಹುಡುಕಬೇಕು. ರೇಡಿಯೇಟರ್ ಫ್ಯಾನ್, ವೈಪರ್, ಪವರ್ ವಿಂಡೋ, ಏಸಿ ಬ್ಲೋವರ್ ಇವುಗಳ ಫ್ಯೂಸ್ ಹೋಗುವ ಪ್ರಸಂಗಗಳಲ್ಲಿ ಎಷ್ಟೋ ಸಲ ಶಾರ್ಟ್ ಇರುವುದೇ ಇಲ್ಲ. ಬುಷ್ ಒಣಗಿ ಹಿಡಿದುಕೊಂಡ ಫ್ಯಾನ್ ಮೋಟರ್, ಗಾಜಿನ ರಬ್ಬರ್ ಗಟ್ಟಿಯಾಗಿ ತಿಣುಕುವ ವಿಂಡೋ ಮೋಟರ್ ತಮ್ಮ ಎಂದಿನ ಕರೆಂಟ್‌ನ ಹಲವು ಪಟ್ಟು ಎಳೆಯುತ್ತವೆ. ಅಲ್ಲಿ ಡಿಸಿ ಕ್ಲ್ಯಾಂಪ್ ಮೀಟರ್ (ವೈರ್ ಕತ್ತರಿಸದೆ ಅದರ ಸುತ್ತ ಹಿಡಿಸಿ ಕರೆಂಟ್ ಅಳೆಯುವ ಮೀಟರ್) ಹಾಕಿ ಕರೆಂಟ್ ಅಳೆದರೆ ವಿಷಯ ಇತ್ಯರ್ಥವಾಗುತ್ತದೆ, ಹಾರ್ನೆಸ್ (ಕಾರಿನ ವೈರ್‌ಗಳ ಕಟ್ಟು) ಬಿಚ್ಚುವ ಅಗತ್ಯವಿಲ್ಲ.

ಇಲ್ಲಿಯೇ ಒಂದು ಮಾತನ್ನು ಹೇಳಿಬಿಡಬೇಕು. ಕೆಂಪು ಬಣ್ಣದ 10 ಆಂಪಿಯರ್ ಫ್ಯೂಸ್ ನಿಲ್ಲುತ್ತಿಲ್ಲವೆಂದು ಹಳದಿಯ 20, ಅದೂ ನಿಲ್ಲದಿದ್ದರೆ ಹಸಿರಿನ 30 ಹಾಕಿ ಕಳುಹಿಸುವ ಅಭ್ಯಾಸ ನಮ್ಮಲ್ಲಿ ಇಂದಿಗೂ ಇದೆ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ ಫ್ಯೂಸ್‌ಗಳನ್ನೂ ಹಳೆಯ ಕಾರುಗಳಲ್ಲಿ ಕಾಣಬಹುದು. ಫ್ಯೂಸ್ ಇರುವುದು ಬಲ್ಬನ್ನೋ ಮೋಟರನ್ನೋ ಕಾಯುವುದಕ್ಕಲ್ಲ, ಆ ದಾರಿಯ ವೈರನ್ನು ಕಾಯುವುದಕ್ಕೆ. 10 ಆಂಪಿಯರ್‌ಗೆಂದು ಎಳೆದ ತೆಳು ವೈರ್‌ಗೆ 30ರ ಫ್ಯೂಸ್ ಹಾಕಿದರೆ ಶಾರ್ಟ್ ಆದಾಗ ಕರಗುವುದು ಕಾರ್ಪೆಟ್‌ನ ಕೆಳಗಿರುವ ವೈರ್, ಅದರೊಂದಿಗೆ ಅದೇ ಬಂಡಲ್‌ನ ಅಕ್ಕಪಕ್ಕದ ವೈರ್‌ಗಳ ಹೊದಿಕೆಯೂ ಅಂಟಿಕೊಳ್ಳುತ್ತದೆ. ಅಷ್ಟಾದ ಮೇಲೆ ಒಂದು ಶಾರ್ಟ್ ಇದ್ದ ಕಾರಿನಲ್ಲಿ ಐದಾರು ಶಾರ್ಟ್‌ಗಳಿರುತ್ತವೆ. ಬೆಂಕಿ ಹೊತ್ತಿಕೊಳ್ಳದಿದ್ದರೆ ಅದು ಅದೃಷ್ಟ.

ಯಾವಾಗ ಹೋಗುತ್ತದೆ ಎಂಬ ಪ್ರಶ್ನೆ

ಉಪಕರಣಗಳನ್ನು ಕೈಗೆತ್ತಿಕೊಳ್ಳುವ ಮೊದಲು ಕಾರು ಓಡಿಸುವವರನ್ನು ಸಾವಧಾನವಾಗಿ ಕೇಳಬೇಕಾದ ಪ್ರಶ್ನೆ ಇದು. ಇಗ್ನಿಷನ್ ಆನ್ ಮಾಡುವ ಮೊದಲೇ ಹೋಗುತ್ತದೆಯೋ, ಲೈಟ್ ಸ್ವಿಚ್ ತಿರುಗಿಸಿದಾಗಲೋ, ಬ್ರೇಕ್ ಒತ್ತಿದಾಗಲೋ, ರಿವರ್ಸ್ ಗೇರ್ ಹಾಕಿದಾಗಲೋ, ಹಂಪ್ ಹಾರಿಸಿದಾಗಲೋ, ಡಿಕ್ಕಿ ತೆರೆದು ಮುಚ್ಚಿದ ಮೇಲೋ? ಎಂಜಿನ್ ಬಿಸಿಯಾದ ಮೇಲೆ ಮಾತ್ರ ಹೋಗುವ ಫ್ಯೂಸ್ ಎಕ್ಸಾಸ್ಟ್ ಪೈಪಿಗೆ ತಾಗಿ ಹೊದಿಕೆ ಕರಗಿದ ವೈರ್‌ನತ್ತ ಬೊಟ್ಟು ಮಾಡುತ್ತದೆ. ಎಕ್ಸಾಸ್ಟ್‌ನಲ್ಲಿರುವ ಆಕ್ಸಿಜನ್ ಸೆನ್ಸರ್‌ನ ಹೀಟರ್ ವೈರ್ ಕ್ಲಿಪ್ಪಿನಿಂದ ಜಾರಿ ಹೀಗಾಗುವುದು ಹೊಸದೇನಲ್ಲ. ಮುಂದಿನ ಸೀಟನ್ನು ಹಿಂದೆ ಮುಂದೆ ಸರಿಸಿದಾಗ ಹೋದರೆ ಸೀಟಿನ ಹಳಿಯ ಕೆಳಗೆ ನೋಡಬೇಕು. ಬಾಗಿಲು ತೆರೆದಾಗ ಹೋದರೆ ಬಾಗಿಲಿಗೂ ಕಂಬಕ್ಕೂ ನಡುವಿನ ರಬ್ಬರ್ ಕೊಳವೆಯನ್ನು ನೋಡಬೇಕು.

ಅದರ ಜೊತೆಯಲ್ಲೇ ಕೇಳಬೇಕಾದ ಎರಡನೆಯ ಪ್ರಶ್ನೆ, ತೊಂದರೆ ಶುರುವಾಗುವ ಮೊದಲು ಕಾರಿಗೆ ಏನು ಮಾಡಿಸಿದಿರಿ ಎಂಬುದು. ಹೊಸ ಸ್ಟೀರಿಯೊ, ರಿವರ್ಸ್ ಕ್ಯಾಮೆರಾ, ಫಾಗ್ ಲ್ಯಾಂಪ್, ಸೆಂಟ್ರಲ್ ಲಾಕ್, ಜೋಡಿ ಹಾರ್ನ್, ಮಡ್ ಫ್ಲ್ಯಾಪ್, ಕಾಲಿಡುವ ಪಟ್ಟಿ, ಇವುಗಳಲ್ಲಿ ಯಾವುದನ್ನಾದರೂ ಹಾಕಿಸಿದ್ದರೆ ಹುಡುಕಾಟವನ್ನು ಅಲ್ಲಿಂದಲೇ ಆರಂಭಿಸುವುದು ಲಾಭ. ಸ್ಟೀರಿಯೊದ ಹಿಂದೆ ಡಿಸ್ಪ್ಲೇ ಬೆಳಕು ಕಡಿಮೆ ಮಾಡಲು ಪಾರ್ಕಿಂಗ್ ಲೈಟ್‌ನಿಂದ ಬರುವ ಒಂದು ವೈರ್ ಇರುತ್ತದೆ. ಹೊಸ ಸೆಟ್ ಕೂರಿಸಿದವರು ಅದನ್ನು ಬಳಸದೆ, ತುದಿಗೆ ಟೇಪ್ ಕೂಡ ಸುತ್ತದೆ ಬಿಟ್ಟಿದ್ದರೆ ಅದು ಒಂದು ದಿನ ಸ್ಟೀರಿಯೊದ ಲೋಹದ ಚೌಕಟ್ಟಿಗೆ ತಗುಲಿ ಪಾರ್ಕಿಂಗ್ ಫ್ಯೂಸನ್ನು ಹಾರಿಸುತ್ತದೆ. ಮಡ್ ಫ್ಲ್ಯಾಪ್‌ನ ಸ್ಕ್ರೂ ಹಾರ್ನೆಸ್‌ನೊಳಗೇ ಇಳಿದಿರುವುದೂ ಉಂಟು. 12 ವೋಲ್ಟ್ ಸಾಕೆಟ್‌ನ ಫ್ಯೂಸ್ ಆದರೆ ಎಲ್ಲಕ್ಕಿಂತ ಮೊದಲು ಟಾರ್ಚ್ ಹಿಡಿದು ಅದರ ತಳದಲ್ಲಿ ನಾಣ್ಯ ಬಿದ್ದಿದೆಯೇ ನೋಡುವುದು, ಅಷ್ಟೇ.

ಮಲೆನಾಡು, ಕರಾವಳಿಗಳಲ್ಲಿ, ತೋಟದ ಮನೆಯ ಕೊಟ್ಟಿಗೆಯಲ್ಲೋ ಮರದ ಕೆಳಗೋ ನಿಲ್ಲುವ ಕಾರುಗಳ ವಿಷಯದಲ್ಲಿ ಇಲಿಯನ್ನು ಪಟ್ಟಿಯ ಮೇಲ್ಭಾಗದಲ್ಲೇ ಇಟ್ಟುಕೊಳ್ಳಬೇಕು. ಬಾನೆಟ್ ಎತ್ತಿ ಬ್ಯಾಟರಿಯ ಪಕ್ಕ, ಫೈರ್‌ವಾಲ್‌ನ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆಯ) ಅಂಚು, ಏರ್ ಫಿಲ್ಟರ್ ಪೆಟ್ಟಿಗೆಯ ಕೆಳಗೆ ಹಿಕ್ಕೆ, ತೆಂಗಿನ ನಾರು, ಅಡಿಕೆ ಸಿಪ್ಪೆಯ ಚೂರು ಕಂಡರೆ ಆ ಸುತ್ತಲಿನ ಹಾರ್ನೆಸನ್ನು ಕೈಯಿಂದ ಸವರಿಯೇ ಮುಂದುವರಿಯಬೇಕು. ಇಲಿ ಕಡಿದ ವೈರ್‌ನಲ್ಲಿ ಹೊದಿಕೆ ಬೆರಳಗಲ ಹಾರಿ ತಾಮ್ರ ಹೊಳೆಯುತ್ತಿರುತ್ತದೆ, ಆದರೆ ಅದು ಹೆಚ್ಚಾಗಿ ಬಂಡಲ್‌ನ ಕೆಳಮೈಯಲ್ಲಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಸಣ್ಣ ಕನ್ನಡಿಯೊಂದಿದ್ದರೆ ಅನುಕೂಲ.

ಮಳೆಗಾಲದಲ್ಲಿ ಟೈಲ್ ಲ್ಯಾಂಪ್‌ನೊಳಗೆ ನೀರು ನಿಂತದ್ದನ್ನು ಕಂಡು ಅದರಿಂದಲೇ ಫ್ಯೂಸ್ ಹೋಗುತ್ತಿದೆ ಎಂದು ತೀರ್ಮಾನಿಸುವವರು ಬಹಳ. ನನಗೆ ಇದರಲ್ಲಿ ಅನುಮಾನವೇ ಹೆಚ್ಚು. 12 ವೋಲ್ಟ್‌ನಲ್ಲಿ ಮಳೆನೀರಿನ ಮೂಲಕ 10 ಆಂಪಿಯರ್ ಫ್ಯೂಸ್ ಕರಗಿಸುವಷ್ಟು ಕರೆಂಟ್ ಹರಿಯುವುದು ಅಪರೂಪ. ನೀರು ಮಾಡುವ ಹಾನಿ ನಿಧಾನದ್ದು: ಬಲ್ಬ್ ಹೋಲ್ಡರ್‌ನ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ, ಸಂಪರ್ಕ ಸಡಿಲವಾಗಿ ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಮೆತ್ತಗಾಗಿ ಎರಡು ಲೋಹದ ನಾಲಗೆಗಳು ಕೊನೆಗೆ ಒಂದನ್ನೊಂದು ಮುಟ್ಟುತ್ತವೆ. ನೀರು ಚೆಲ್ಲಿ ಒರೆಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಹೋಲ್ಡರನ್ನೇ ಬದಲಿಸಬೇಕಾಗುತ್ತದೆ.

ಫ್ಯೂಸ್‌ನ ಜಾಗಕ್ಕೆ ಬಲ್ಬ್

ಈ ಪರೀಕ್ಷಾ ಬಲ್ಬನ್ನು ಮಾಡಿಕೊಳ್ಳಲು ಬೇಕಾದುದು 55 ವ್ಯಾಟ್‌ನ ಒಂದು ಹೆಡ್‌ಲೈಟ್ ಬಲ್ಬ್ ಮತ್ತು ಅದರ ಹೋಲ್ಡರ್, ಒಂದೊಂದು ಮೀಟರ್ ಉದ್ದದ ಎರಡು ವೈರ್, ಹಾಗೂ ಅದೇ ಗಾತ್ರದ ಒಂದು ಸುಟ್ಟ ಫ್ಯೂಸ್. ಒಂದು ಫಿಲಮೆಂಟ್ ಹೋಗಿ ಇನ್ನೊಂದು ಉಳಿದಿರುವ ಹಳೆಯ ಎಚ್4 ಬಲ್ಬ್ ಧಾರಾಳವಾಗಿ ಸಾಕು. ಅಂಥದು ಯಾವ ಆಟೋ ಎಲೆಕ್ಟ್ರಿಷಿಯನ್ ಅಂಗಡಿಯಲ್ಲಾದರೂ ಕೇಳಿದರೆ ಸುಮ್ಮನೆ ಕೊಡುತ್ತಾರೆ. ಸುಟ್ಟ ಫ್ಯೂಸ್‌ನ ಪ್ಲಾಸ್ಟಿಕ್ ತಲೆಯನ್ನು ಪ್ಲೈಯರ್‌ನಿಂದ ಚಿವುಟಿ ತೆಗೆದು, ಒಳಗೆ ಉಳಿದ ಪಟ್ಟಿಯ ಚೂರು ಎರಡು ಕಾಲುಗಳನ್ನು ಸೇರಿಸದಂತೆ ಕೆರೆದು, ಒಂದೊಂದು ಕಾಲಿಗೆ ಒಂದೊಂದು ವೈರ್ ಬೆಸುಗೆ ಹಾಕಿ, ಮೇಲೆ ಸ್ಲೀವ್ ಏರಿಸಬೇಕು. ಆ ವೈರ್‌ಗಳ ಇನ್ನೊಂದು ತುದಿ ಬಲ್ಬ್ ಹೋಲ್ಡರ್‌ಗೆ ಹೋಗುತ್ತದೆ. ಈಗ ಫ್ಯೂಸ್‌ನಂತೆಯೇ ಬಾಕ್ಸ್‌ನಲ್ಲಿ ಕೂರುವ, ಆದರೆ ಸುಡದ ಒಂದು ಉಪಕರಣ ಸಿದ್ಧವಾಯಿತು.

ಇದು ಕೆಲಸ ಮಾಡುವ ಬಗೆ ಸರಳ. ಬಲ್ಬ್ ಸರ್ಕ್ಯೂಟ್‌ನೊಂದಿಗೆ ಸೀರೀಸ್‌ನಲ್ಲಿರುತ್ತದೆ. ಮುಂದೆ ನೇರ ಶಾರ್ಟ್ ಇದ್ದರೆ ಬ್ಯಾಟರಿಯ ಪೂರ್ತಿ ವೋಲ್ಟೇಜ್ ಬಲ್ಬ್‌ನ ಮೇಲೆಯೇ ಬಿದ್ದು ಅದು ಹೆಡ್‌ಲೈಟ್‌ನಂತೆ ಪ್ರಖರವಾಗಿ ಉರಿಯುತ್ತದೆ. ಆಗಲೂ ಹರಿಯುವ ಕರೆಂಟ್ ಸುಮಾರು ನಾಲ್ಕೂವರೆ ಆಂಪಿಯರ್ ಮಾತ್ರ, ಅಂದರೆ 10 ಆಂಪಿಯರ್ ದಾರಿಯ ವೈರ್‌ಗೆ ಯಾವ ತೊಂದರೆಯೂ ಇಲ್ಲ. ಶಾರ್ಟ್ ಇಲ್ಲದೆ ಪಾರ್ಕಿಂಗ್ ಲೈಟ್‌ಗಳು ಮಾತ್ರ ಉರಿಯುತ್ತಿದ್ದರೆ, ತಲಾ 5 ವ್ಯಾಟ್‌ನ ಆರು ಬಲ್ಬ್‌ಗಳೆಂದರೂ ಒಟ್ಟು 30 ವ್ಯಾಟ್ ಆಗುವುದರಿಂದ, ವೋಲ್ಟೇಜ್ ಹಂಚಿಹೋಗಿ ಪರೀಕ್ಷಾ ಬಲ್ಬ್ ಮಂಕಾಗಿ ಕೆಂಪಗೆ ಕಾಣುತ್ತದೆ. ಪ್ರಖರ ಎಂದರೆ ಶಾರ್ಟ್, ಮಂಕು ಎಂದರೆ ಸಹಜ ಹೊರೆ, ಅಂದರೆ ಆ ದಾರಿಯ ಬಲ್ಬ್‌ಗಳು ಎಳೆಯುವ ಕರೆಂಟ್. ತಲಾ 21 ವ್ಯಾಟ್‌ನ ಬ್ರೇಕ್ ಲೈಟ್‌ಗಳಂಥ ಹೆಚ್ಚು ಹೊರೆಯ ಸರ್ಕ್ಯೂಟ್‌ನಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗುವುದಿಲ್ಲ, ಆದ್ದರಿಂದ ಅಲ್ಲಿ ಬಲ್ಬ್‌ಗಳನ್ನೆಲ್ಲ ಮೊದಲೇ ಹೋಲ್ಡರ್‌ನಿಂದ ತೆಗೆದಿಡಬೇಕು. ಸರ್ಕ್ಯೂಟ್‌ನ ಫ್ಯೂಸ್ 5 ಆಂಪಿಯರ್‌ನದಾದರೆ 55ರ ಬದಲು 21 ವ್ಯಾಟ್ ಬಲ್ಬ್ ಬಳಸುವುದು ಕ್ಷೇಮ. ಎಚ್4 ಬಲ್ಬ್ ಕೆಲವೇ ನಿಮಿಷದಲ್ಲಿ ಕೈ ಸುಡುವಷ್ಟು ಮಾತ್ರವಲ್ಲ, ಸೀಟಿನ ಬಟ್ಟೆಯನ್ನೂ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕನ್ನೂ ಸುಡುವಷ್ಟು ಕಾಯುತ್ತದೆ. ಅದನ್ನು ಹೊರಗೆ, ಯಾವುದಕ್ಕೂ ತಾಗದಂತೆ ತೂಗುಹಾಕಬೇಕು.

ಮಲ್ಟಿಮೀಟರ್ ಇದ್ದರೆ ಸಾಲದೇ ಎಂಬ ಪ್ರಶ್ನೆ ಸಹಜ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿ, ಫ್ಯೂಸ್ ತೆಗೆದು, ಬಾಕ್ಸ್‌ನ ಹೊರೆಯ ಕಡೆಯ ಕ್ಲಿಪ್‌ಗೂ ಬಾಡಿಗೂ ನಡುವೆ ಓಮ್ ಅಳೆಯುವುದು ಒಳ್ಳೆಯ ಮೊದಲ ಪರೀಕ್ಷೆಯೇ. ಆದರೆ ಅದರಲ್ಲಿ ಒಂದು ಬಲೆಯಿದೆ. ತಣ್ಣಗಿರುವ ಫಿಲಮೆಂಟ್‌ನ ಪ್ರತಿರೋಧ ಉರಿಯುವಾಗಿನದರ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ಉರಿಯುವಾಗ ಏಳು ಓಮ್ ಇರುವ 21 ವ್ಯಾಟ್ ಬಲ್ಬ್ ತಣ್ಣಗಿದ್ದಾಗ ಅರ್ಧ ಓಮ್ ಆಸುಪಾಸು ತೋರಿಸುತ್ತದೆ, ಅಂಥ ಎರಡು ಮೂರು ಬಲ್ಬ್‌ಗಳು ಪ್ಯಾರಲಲ್‌ನಲ್ಲಿದ್ದರೆ ಮೀಟರ್‌ನ ಬೀಪ್ ಶಾರ್ಟ್ ಇದ್ದಂತೆಯೇ ಕೂಗುತ್ತದೆ. ಮೀಟರ್‌ನ ಲೀಡ್‌ಗಳೇ ಸ್ವಲ್ಪ ಪ್ರತಿರೋಧ ಸೇರಿಸುವುದರಿಂದ ಆ ಅರ್ಧ ಓಮನ್ನೂ ನಿಜವಾದ ಶಾರ್ಟನ್ನೂ ಬೇರ್ಪಡಿಸುವುದು ಸಾಧಾರಣ ಮೀಟರ್‌ಗೆ ಸಾಧ್ಯವಾಗದು. ಬಲ್ಬ್‌ಗಳನ್ನೆಲ್ಲ ತೆಗೆದು, ಜೋಡಿಸಿದ ಉಪಕರಣಗಳ ಕಪ್ಲರ್ ಬಿಚ್ಚಿದ ಮೇಲೂ ಸೊನ್ನೆಯ ಹತ್ತಿರ ತೋರಿಸಿದರೆ ಮಾತ್ರ ಆ ಅಳತೆಗೆ ಬೆಲೆ. ಇನ್ನು ಮೀಟರನ್ನು ಆಂಪಿಯರ್‌ಗೆ ಇಟ್ಟು ಫ್ಯೂಸ್‌ನ ಜಾಗದಲ್ಲಿ ಜೋಡಿಸಿ ನೋಡುವುದನ್ನು ಶಾರ್ಟ್ ಇರುವ ಸರ್ಕ್ಯೂಟ್‌ನಲ್ಲಿ ಎಂದೂ ಮಾಡಬಾರದು. ಮೀಟರ್‌ನ ಒಳಗಿನ ಫ್ಯೂಸ್ ಹೋಗುತ್ತದೆ, ಅಗ್ಗದ ಮೀಟರ್‌ನಲ್ಲಿ ಅದೂ ಇಲ್ಲದಿದ್ದರೆ ಮೀಟರೇ ಹೋಗುತ್ತದೆ.

ಅರ್ಧ ಅರ್ಧ ಕಳೆಯುತ್ತ ಹೋಗುವುದು

ಫ್ಯೂಸ್ ಬಾಕ್ಸ್‌ನ ಮುಚ್ಚಳದ ಚಿತ್ರ ಮತ್ತು ಕಾರಿನ ಕೈಪಿಡಿ ನೋಡಿ ಆ ಫ್ಯೂಸ್‌ನಿಂದ ಏನೇನು ನಡೆಯುತ್ತದೆ ಎಂಬ ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ನಮ್ಮ ಉದಾಹರಣೆಯಲ್ಲಿ ಮುಂದಿನ ಎರಡು ಪಾರ್ಕಿಂಗ್ ಬಲ್ಬ್, ಹಿಂದಿನ ಎರಡು ಟೈಲ್ ಬಲ್ಬ್, ನಂಬರ್ ಪ್ಲೇಟ್‌ನ ಬಲ್ಬ್‌ಗಳು, ಡ್ಯಾಶ್‌ಬೋರ್ಡಿನ ಸ್ವಿಚ್‌ಗಳ ಹಿಂಬೆಳಕು ಮತ್ತು ಸ್ಟೀರಿಯೊಗೆ ಹೋಗುವ ವೈರ್ ಇವೆ. ಪರೀಕ್ಷಾ ಬಲ್ಬ್ ಕೂರಿಸಿ ಲೈಟ್ ಸ್ವಿಚ್ ಆನ್ ಮಾಡುವ ಮೊದಲೇ ಅದು ಪ್ರಖರವಾಗಿ ಉರಿದರೆ ಶಾರ್ಟ್ ಫ್ಯೂಸ್‌ಗೂ ಸ್ವಿಚ್‌ಗೂ ನಡುವೆ ಇದೆ. ಸ್ವಿಚ್ ಹಾಕಿದ ಮೇಲೆ ಉರಿದರೆ ಸ್ವಿಚ್‌ನಿಂದ ಮುಂದೆ ಇದೆ. ಕೆಲವು ಕಾರುಗಳಲ್ಲಿ ಸ್ವಿಚ್ ಫ್ಯೂಸ್‌ಗಿಂತ ಮೊದಲು ಬರುತ್ತದೆ, ಅಲ್ಲಿ ಈ ವಿಭಾಗ ಸಿಗದು. ರಿಲೇ (ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟ್ ಹರಿಸುವ ಸ್ವಿಚ್) ಇರುವ ಸರ್ಕ್ಯೂಟ್ ಆದರೆ ರಿಲೇಯನ್ನು ಕಿತ್ತು ನೋಡುವುದು ಇನ್ನೂ ಸುಲಭ: ಕಿತ್ತಾಗ ಬಲ್ಬ್ ಆರಿದರೆ ದೋಷ ರಿಲೇಯಲ್ಲೇ ಅಥವಾ ವಿದ್ಯುತ್ ಹೊರಹೋಗುವ 87ನೆಯ ಪಿನ್‌ನಿಂದ ಮುಂದಿನ ದಾರಿಯಲ್ಲಿದೆ, ಆರದಿದ್ದರೆ ವಿದ್ಯುತ್ ಒಳಬರುವ 30ನೆಯ ಪಿನ್‌ನ ಕಡೆ ಇದೆ. ಏಸಿ ಕಂಪ್ರೆಸರ್‌ನ ಫ್ಯೂಸ್ ಹೋಗುತ್ತಿರುವಾಗ ಕ್ಲಚ್ ಕಾಯಿಲ್‌ಗೆ ಅಡ್ಡಲಾಗಿ ಹಾಕಿರುವ ಡಯೋಡ್ ಶಾರ್ಟ್ ಆಗಿರುವ ಸಾಧ್ಯತೆಯನ್ನೂ ಮರೆಯಬಾರದು. ವೈರ್‌ಗಳೆಲ್ಲ ನೆಟ್ಟಗಿದ್ದರೂ ಅದೊಂದೇ ಫ್ಯೂಸನ್ನು ಸುಡಬಲ್ಲದು.

ಮುಂದಿನ ಹೆಜ್ಜೆಯಲ್ಲಿ ಬಲ್ಬ್‌ನಿಂದ ಬಲ್ಬ್‌ಗೆ ಅಲೆಯದೆ ಸರ್ಕ್ಯೂಟ್‌ನ ನಡುಮಧ್ಯದಲ್ಲಿ ತುಂಡರಿಸಿ ನೋಡಬೇಕು. ಹಿಂಭಾಗದ ಹಾರ್ನೆಸ್ ಡ್ಯಾಶ್‌ಬೋರ್ಡಿನಿಂದ ಇಳಿದು ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಯ ಕೆಳಗೆ ಹಿಂದಕ್ಕೆ ಹೋಗುತ್ತದೆ. ಅದರ ಆರಂಭದಲ್ಲಿ, ಮುಂದಿನ ಸೀಟಿನವರ ಪಾದದ ಬದಿಯ ಮುಚ್ಚಳದ ಹಿಂದೆ, ಬಹಳಷ್ಟು ಕಾರುಗಳಲ್ಲಿ ಒಂದು ದೊಡ್ಡ ಕಪ್ಲರ್ ಇರುತ್ತದೆ. ಅದನ್ನು ಬಿಚ್ಚಿದಾಗ ಬಲ್ಬ್ ಮಂಕಾದರೆ ದೋಷ ಹಿಂಭಾಗದಲ್ಲಿದೆ, ಪ್ರಖರವಾಗಿಯೇ ಉಳಿದರೆ ಮುಂಭಾಗದಲ್ಲಿದೆ. ಒಂದೇ ಪರೀಕ್ಷೆಯಲ್ಲಿ ಅರ್ಧ ಕಾರು ಲೆಕ್ಕದಿಂದ ಹೊರಗಾಗುತ್ತದೆ. ಹಿಂಭಾಗವೆಂದು ತಿಳಿದ ಮೇಲೆ ಕಪ್ಲರನ್ನು ಮತ್ತೆ ಜೋಡಿಸಿ, ಎಡ ಟೈಲ್ ಲ್ಯಾಂಪ್, ಬಲ ಟೈಲ್ ಲ್ಯಾಂಪ್, ಡಿಕ್ಕಿ ಬಾಗಿಲು ಹೀಗೆ ಒಂದೊಂದು ಕವಲನ್ನೂ ಬಿಚ್ಚಿ ನೋಡಬೇಕು. ಬಿಚ್ಚಿದ ಕಪ್ಲರ್‌ನ ಪಿನ್‌ಗಳು ಬಾಗಿವೆಯೇ, ಕರಗಿವೆಯೇ ಎಂದು ಆಗಲೇ ನೋಡಿಕೊಳ್ಳುವುದು ಒಳ್ಳೆಯದು. ಟೈಲ್ ಲ್ಯಾಂಪ್‌ನ ಬಲ್ಬ್‌ಗಳನ್ನೂ ಹೊರತೆಗೆದು ನೋಡಬೇಕು. ಬ್ರೇಕ್ ಮತ್ತು ಪಾರ್ಕಿಂಗ್ ಎರಡಕ್ಕೂ ಇರುವ 21/5 ವ್ಯಾಟ್ ಬಲ್ಬ್‌ನ ಜಾಗಕ್ಕೆ ಒಂದೇ ತುದಿಯ 21 ವ್ಯಾಟ್ ಬಲ್ಬನ್ನು ಒತ್ತಿ ಕೂರಿಸಿದ್ದರೆ ಎರಡು ಸರ್ಕ್ಯೂಟ್‌ಗಳೂ ಒಂದಾಗಿರುತ್ತವೆ, ತಳದ ಬೆಸುಗೆ ಕರಗಿ ಅಂಚಿನ ಲೋಹಕ್ಕೆ ಹರಿದಿದ್ದರೆ ಬಲ್ಬೇ ಶಾರ್ಟ್ ಆಗಿರುತ್ತದೆ.

ಡಿಕ್ಕಿ ಬಾಗಿಲಿನ ಕವಲನ್ನು ನಾನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ಹ್ಯಾಚ್‌ಬ್ಯಾಕ್‌ಗಳಲ್ಲಿ ದೋಷ ಸಿಗುವುದು ಹೆಚ್ಚಾಗಿ ಅಲ್ಲಿಯೇ, ಮತ್ತು ಅದು ನಿಂತ ಕಾರಿನಲ್ಲಿ ಕಾಣಿಸಿಕೊಳ್ಳದೆ ಕಣ್ಣುಮುಚ್ಚಾಲೆ ಆಡುವುದೂ ಅಲ್ಲಿಯೇ. ಬಾಗಿಲನ್ನು ಪೂರ್ತಿ ಮುಚ್ಚಿದಾಗ ಪರೀಕ್ಷಾ ಬಲ್ಬ್ ಮಂಕಾಗಿರುತ್ತದೆ, ಪೂರ್ತಿ ತೆರೆದಾಗಲೂ ಮಂಕೇ. ನಿಧಾನವಾಗಿ ಮೇಲೆತ್ತುತ್ತ ಹೋದರೆ ಅರ್ಧ ದಾರಿಯ ಒಂದು ಕೋನದಲ್ಲಿ ಅದು ತಟ್ಟನೆ ಪ್ರಖರವಾಗಿ, ಎರಡು ಬೆರಳು ಮುಂದೆ ಸರಿಸಿದರೆ ಮತ್ತೆ ಮಂಕಾಗುತ್ತದೆ. ಚಾವಣಿಯ ಅಂಚಿನಿಂದ ಬಾಗಿಲಿಗೆ ಹೋಗುವ ಸುಕ್ಕುಸುಕ್ಕಾದ ರಬ್ಬರ್ ಕೊಳವೆಯ ಎರಡೂ ತುದಿಗಳನ್ನು ಮೊಂಡ ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿ ಕೊಳವೆಯನ್ನು ಹಿಂದೆ ಸರಿಸಿದರೆ ಒಳಗಿನ ಸ್ಥಿತಿ ಕಾಣುತ್ತದೆ. ವೈರ್‌ಗಳೆಲ್ಲ ಬಾಗುವ ಒಂದೇ ಜಾಗದಲ್ಲಿ ಹೊದಿಕೆ ಒಣಗಿ, ಸುತ್ತಲೂ ಉಂಗುರದಂತೆ ಸೀಳಿ, ತುಂಡುಗಳು ಸರಿದು ನಡುವೆ ತಾಮ್ರ ಬೆತ್ತಲಾಗಿರುತ್ತದೆ. ಕೆಲವು ವೈರ್‌ಗಳಲ್ಲಿ ಅರ್ಧದಷ್ಟು ಎಳೆಗಳು ಕಡಿದು ಮುಳ್ಳಿನಂತೆ ಚಾಚಿಕೊಂಡಿರುತ್ತವೆ. ಕೊಳವೆ ರಬ್ಬರ್‌ನದಾದ್ದರಿಂದ ಬಾಡಿಯ ಲೋಹ ಅಲ್ಲಿ ಹತ್ತಿರದಲ್ಲಿಲ್ಲ, ಹಾಗಾದರೆ ಶಾರ್ಟ್ ಆದದ್ದು ಹೇಗೆ ಎಂದು ಅನ್ನಿಸಬಹುದು. ನಂಬರ್ ಪ್ಲೇಟ್ ಬಲ್ಬ್‌ನ ಅರ್ಥ್ ವೈರ್ ಕೂಡ ಅದೇ ಕೊಳವೆಯಲ್ಲಿ, ಅದೇ ಜಾಗದಲ್ಲಿ ಸೀಳಿರುತ್ತದೆ. ಪಾರ್ಕಿಂಗ್ ವೈರ್‌ನ ಚಾಚಿದ ಎಳೆ ಅದನ್ನು ಮುಟ್ಟಿದರೆ ಬಾಡಿಯನ್ನು ಮುಟ್ಟಿದಂತೆಯೇ. ಅದೇ ಎಳೆ ಅರ್ಥ್ ಬದಲು ಎತ್ತರದ ಬ್ರೇಕ್ ಲೈಟ್‌ನ ವೈರನ್ನು ಮುಟ್ಟಿದರೆ ಫ್ಯೂಸ್ ಹೋಗದೆ, ಪಾರ್ಕಿಂಗ್ ಹಾಕಿದಾಗ ಬ್ರೇಕ್ ಲೈಟ್ ತಾನಾಗಿ ಹತ್ತಿಕೊಳ್ಳುತ್ತದೆ. ಇಂಥ ವಿಚಿತ್ರ ಲಕ್ಷಣ ಮೊದಲೇ ಕಂಡಿದ್ದರೆ ನೇರವಾಗಿ ಈ ಕೊಳವೆಗೇ ಬರಬಹುದು.

ಹೀಗೆ ಬಂದು ಹೋಗುವ ಶಾರ್ಟ್‌ಗಳನ್ನು ಒಬ್ಬರೇ ಹುಡುಕುವಾಗ ಬಲ್ಬ್ ಕಣ್ಣಿಗೆ ಕಾಣದ ಜಾಗದಲ್ಲಿರುತ್ತದೆ. ಪರೀಕ್ಷಾ ಬಲ್ಬ್‌ನ ಎರಡು ತುದಿಗಳಿಗೆ ಅಡ್ಡಲಾಗಿ 12 ವೋಲ್ಟ್‌ನ ರಿವರ್ಸ್ ಬಜರ್ ಒಂದನ್ನು ಜೋಡಿಸಿಕೊಂಡು, ಉರಿಯುವ ಬಲ್ಬ್‌ಗಳನ್ನೆಲ್ಲ ಹೋಲ್ಡರ್‌ನಿಂದ ತೆಗೆದಿಟ್ಟರೆ, ಶಾರ್ಟ್ ಆದ ಗಳಿಗೆಯಲ್ಲಿ ಬಜರ್ ಕೂಗುತ್ತದೆ. ಅದನ್ನು ಕೇಳಿಸಿಕೊಳ್ಳುತ್ತ ಹಾರ್ನೆಸನ್ನು ಗೇಣು ಗೇಣಾಗಿ ಒತ್ತಿ, ತಿರುಚಿ, ಎಳೆದು ನೋಡುತ್ತ ಹೋಗಬಹುದು. ಹೊದಿಕೆಗೆ ಸೂಜಿ ಚುಚ್ಚಿ ವೋಲ್ಟೇಜ್ ನೋಡುವ ಅಭ್ಯಾಸ ಬೇಡ. ಆ ಸಣ್ಣ ತೂತಿನಿಂದ ನೀರು ಇಳಿದು ಮುಂದಿನ ಮಳೆಗಾಲಕ್ಕೆ ಇನ್ನೊಂದು ದೋಷ ಸಿದ್ಧವಾಗುತ್ತದೆ.

ದೋಷದ ಜಾಗ ಹೊರೆಯ ಹಿಂದೋ ಮುಂದೋ ಎಂಬ ವಿವೇಚನೆಯೂ ಶ್ರಮ ಉಳಿಸುತ್ತದೆ. ಫ್ಯೂಸ್ ಹೋಗಬೇಕಾದರೆ ವೈರ್ ಬಾಡಿಗೆ ತಗುಲುವುದು ಫ್ಯೂಸ್‌ಗೂ ಬಲ್ಬ್‌ಗೂ ನಡುವೆಯೇ ಆಗಿರಬೇಕು. ಹಾರ್ನ್ ರಿಲೇಯ ಕಾಯಿಲ್, ಬಾಗಿಲು ತೆರೆದಾಗ ಹತ್ತುವ ಕ್ಯಾಬಿನ್ ಲೈಟ್ ಇವುಗಳಲ್ಲಿ ಸ್ವಿಚ್ ಅರ್ಥ್‌ನ ಕಡೆಗಿರುತ್ತದೆ. ಅಲ್ಲಿ ಸ್ವಿಚ್‌ಗೆ ಹೋಗುವ ವೈರ್ ಬಾಡಿಗೆ ತಗುಲಿದರೆ ಹಾರ್ನ್ ನಿಲ್ಲದೆ ಕೂಗುತ್ತದೆ, ದೀಪ ಆರದೆ ಉರಿಯುತ್ತದೆ, ಫ್ಯೂಸ್ ಮಾತ್ರ ಗಟ್ಟಿಯಾಗಿಯೇ ಇರುತ್ತದೆ.

ಹೊಸ ಕಾರುಗಳಲ್ಲಿ ಲೈಟ್‌ಗಳನ್ನು ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆ ನಡೆಸುತ್ತಿದ್ದರೆ ಈ ಕ್ರಮವನ್ನು ಮೇಲಿನಂತೆ ಬಳಸಲಾಗದು. ಅಲ್ಲಿ ಶಾರ್ಟ್ ಆದಾಗ ಮಾಡ್ಯೂಲ್‌ನ ಎಲೆಕ್ಟ್ರಾನಿಕ್ ಸ್ವಿಚ್ ಆ ದಾರಿಯನ್ನು ತಾನೇ ಮುಚ್ಚಿ ದೋಷದ ಕೋಡ್ ಬರೆದಿಡುತ್ತದೆ, ಫ್ಯೂಸ್ ಹೋಗದೆಯೂ ಇರಬಹುದು. ಫ್ಯೂಸ್‌ನ ಜಾಗದಲ್ಲಿ ಬಲ್ಬ್ ಹಾಕಿದರೆ ಮಾಡ್ಯೂಲ್‌ಗೆ ವೋಲ್ಟೇಜ್ ಸಾಲದೆ ಅಡ್ಡಾದಿಡ್ಡಿ ವರ್ತಿಸುತ್ತದೆ. ಆ ಕೋಡ್ ಓದುವ ಸ್ಕ್ಯಾನರ್ ಹಾಕಿ ಯಾವ ಲೈಟ್‌ನ ದಾರಿ ಎಂದು ಓದಿಕೊಂಡು, ಆ ದಾರಿಯ ಕಪ್ಲರನ್ನು ಮಾಡ್ಯೂಲ್‌ನ ಬದಿಯಲ್ಲಿ ಬಿಚ್ಚಿ, ಅಲ್ಲಿಂದ ಮುಂದಿನ ವೈರ್‌ಗೆ ಮಾತ್ರ ಬ್ಯಾಟರಿಯಿಂದ ಪರೀಕ್ಷಾ ಬಲ್ಬ್ ಮೂಲಕ ವಿದ್ಯುತ್ ಕೊಟ್ಟು ಹುಡುಕುವುದು ಸರಿಯಾದ ದಾರಿ.

ರಿಪೇರಿ ಮತ್ತು ಕೊನೆಯ ಪರೀಕ್ಷೆ

ಜಾಗ ಸಿಕ್ಕ ಮೇಲೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿಯೇ ಕತ್ತರಿ ಹಿಡಿಯಬೇಕು. ಡಿಕ್ಕಿಯ ಕೊಳವೆಯಲ್ಲಿ ಶಾರ್ಟ್ ಮಾಡಿದ ಒಂದು ವೈರ್‌ಗೆ ಟೇಪ್ ಸುತ್ತಿ ಮುಗಿಸುವುದು ವ್ಯರ್ಥ, ಉಳಿದವೂ ಅದೇ ವಯಸ್ಸಿನವು ಮತ್ತು ಅದೇ ಜಾಗದಲ್ಲಿ ಬಾಗುವವು. ಸೀಳಿದ ಎಲ್ಲ ವೈರ್‌ಗಳಲ್ಲೂ ಬಾಗುವ ಭಾಗವನ್ನು ಪೂರ್ತಿ ಕತ್ತರಿಸಿ, ಅದೇ ದಪ್ಪದ, ಆದರೆ ಹೆಚ್ಚು ಎಳೆಗಳಿರುವ ಮೃದುವಾದ ಆಟೋ ವೈರ್‌ನ ತುಂಡುಗಳನ್ನು ಸೇರಿಸಬೇಕು. ಜೋಡಣೆಗಳು ಬಾಗುವ ಜಾಗದಿಂದ ದೂರ, ಚಾವಣಿಯ ಒಳಗೂ ಬಾಗಿಲಿನ ಒಳಗೂ ಬರಬೇಕು, ಒಂದರ ಪಕ್ಕ ಒಂದು ಬಾರದಂತೆ ಹಿಂದೆ ಮುಂದೆ ಇರಬೇಕು. ಬೆಸುಗೆ ಹಾಕಿದ ಜಾಗ ಗಡುಸಾಗುವುದರಿಂದ ಅದು ಬಾಗುವಲ್ಲಿ ಬಂದರೆ ಬೇಗ ಮುರಿಯುತ್ತದೆ. ಪ್ರತಿ ಜೋಡಣೆಗೂ ಬಿಸಿ ಮಾಡಿದರೆ ಕುಗ್ಗುವ ಸ್ಲೀವ್ ಹಾಕಿ, ಮೇಲೆ ಹಾರ್ನೆಸ್‌ಗೆಂದೇ ಬರುವ ಬಟ್ಟೆಯ ಟೇಪ್ ಸುತ್ತಬೇಕು. ಸಾಮಾನ್ಯ ಪಿವಿಸಿ ಇನ್ಸುಲೇಷನ್ ಟೇಪ್ ನಮ್ಮ ಬಿಸಿಲಿಗೆ ಅಂಟು ಬಿಟ್ಟು ಜಾರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆ ಹತ್ತಿರವಿದ್ದರೆ ಕಪ್ಲರ್, ಪಿನ್, ಬಟ್ಟೆ ಟೇಪ್ ಎಲ್ಲವೂ ಬಿಡಿಯಾಗಿ ಸಿಗುತ್ತವೆ. ಇಲಿ ಕಡಿದ ಹಾರ್ನೆಸ್‌ಗೂ ಇದೇ ರೀತಿ, ಆದರೆ ಅಲ್ಲಿ ಒಂದು ಕಡಿತ ಸಿಕ್ಕಿತೆಂದು ನಿಲ್ಲದೆ ಆ ಬಂಡಲ್‌ನ ಉದ್ದಕ್ಕೂ ನೋಡಬೇಕು.

ಹೊಸ ಫ್ಯೂಸ್ ಹಾಕುವ ಮೊದಲು ಪರೀಕ್ಷಾ ಬಲ್ಬನ್ನೇ ಇನ್ನೊಮ್ಮೆ ಕೂರಿಸಿ, ಡಿಕ್ಕಿಯನ್ನು ಹತ್ತಾರು ಸಲ ನಿಧಾನವಾಗಿಯೂ ರಭಸವಾಗಿಯೂ ತೆರೆದು ಮುಚ್ಚಿ, ಬಾಗಿಲುಗಳನ್ನು ಬಡಿದು, ಸೀಟನ್ನು ಸರಿಸಿ, ಬಲ್ಬ್ ಒಮ್ಮೆಯೂ ಪ್ರಖರವಾಗುವುದಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಅನಂತರ ಮುಚ್ಚಳದಲ್ಲಿ ಬರೆದಿರುವ ಅಳತೆಯ ಫ್ಯೂಸನ್ನೇ ಹಾಕಿ, ಆ ದಾರಿಯ ಎಲ್ಲ ಲೈಟ್‌ಗಳನ್ನೂ ಹತ್ತಿಸಿ, ಕ್ಲ್ಯಾಂಪ್ ಮೀಟರ್‌ನಿಂದ ಕರೆಂಟ್ ಅಳೆಯಬೇಕು. ನಿರಂತರವಾಗಿ ಹರಿಯುವ ಕರೆಂಟ್ ಫ್ಯೂಸ್‌ನ ಅಳತೆಯ ಮುಕ್ಕಾಲು ಭಾಗವನ್ನು ದಾಟಬಾರದು. ನಮ್ಮ ಪಾರ್ಕಿಂಗ್ ಸರ್ಕ್ಯೂಟ್‌ನಲ್ಲಿ ಅದು ಎರಡೂವರೆ ಆಂಪಿಯರ್ ಸುತ್ತಮುತ್ತ ಬರಬೇಕು. ಆರೋ ಏಳೋ ತೋರಿಸಿದರೆ ಶಾರ್ಟ್ ಹೋಗಿದ್ದರೂ ಆ ಫ್ಯೂಸ್‌ನಿಂದ ಬೇರೇನೋ ಎಳೆದುಕೊಂಡಿದ್ದಾರೆ ಎಂದರ್ಥ, ಅದನ್ನು ಹುಡುಕಿ ಅದಕ್ಕೆ ಬೇರೆ ಫ್ಯೂಸ್, ಬೇರೆ ವೈರ್ ಕೊಡುವವರೆಗೆ ಬಿಚ್ಚಿದ ಪ್ಲಾಸ್ಟಿಕ್ ಮುಚ್ಚಳಗಳನ್ನು ಮತ್ತೆ ಕೂರಿಸುವ ಅವಸರ ಬೇಡ.